ಸಭಾನಾಯಕತ್ವವೂ ಸೇವಾಧರ್ಮವೂ
(ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಒಂದು ಧರ್ಮಸಂಸ್ಥೆಯು ಬಹುಕಾಲ ಬಾಳಿ ಮಹೋತ್ಸವವನ್ನು ಆಚರಿಸುವ ಸುಸಮಯದಲ್ಲಿ, ಅಂತಹ ಸಂಸ್ಥೆಗಳು ಯಾವ ಬಲದಿಂದ ಬಾಳುವುವು ಎಂಬುದನ್ನು ವಿಚಾರಮಾಡುವುದು ಯುಕ್ತವಾದುದು. ಧನಬಲವು ಬರುವುದು, ಹೋಗುವುದು. ಕಟ್ಟಡಗಳು ಎಷ್ಟು ಗಟ್ಟಿಯಾಗಿದ್ದರೂ ಒಂದು ದಿನ ಜೀರ್ಣವಾಗುವುವು. ಜನಬಲವಾದರೋ ತಾನಾಗಿ ನಿಲ್ಲತಕ್ಕದ್ದಲ್ಲ. ಅದನ್ನು ಕೂಡಿಸಿ ಹಿಡಿಯುವವರು ಬೇಕು. ಹಾಗೆ ಕೂಡಿಸಿ ಹಿಡಿಯುವವನಿಗೆ ಆ ಅಧಿಕಾರವು ಎಲ್ಲಿಂದ ಬರುತ್ತದೆ? ಪೀಠದಿಂದಲೇ, ಪಾಂಡಿತ್ಯದಿಂದಲೇ, ಸರಕಾರದ ಸನ್ನದಿನಿಂದಲೇ, ಅಥವಾ ಇವೆಲ್ಲಕ್ಕೂ ಬೇರೆಯಾದ ಮತ್ತೊಂದು ಮೂಲದಿಂದಲೇ? ಈ ಪ್ರಶ್ನೆಯು ಯಾವುದೊಂದು ಮತಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಆದಕಾರಣ ಪರದೇಶದ, ಪರಮತದ ಒಬ್ಬ ಸತ್ಪುರುಷರ ಚರಿತ್ರೆಯಲ್ಲಿ ಇದಕ್ಕೆ ದೊರೆಯುವ ಉತ್ತರವನ್ನು ಈ ಸಭೆಯಲ್ಲಿ ನಿವೇದಿಸುವುದು ಅನುಚಿತವಾಗಲಾರದು.

ಕ್ರೈಸ್ತಧರ್ಮದಲ್ಲಿ ಒಂದೊಂದು ಊರಿನ ಭಕ್ತಸಮೂಹಕ್ಕೆ ಸಭೆಯೆಂದು ಹೆಸರು. ಆ ಸಭೆಯನ್ನು ನಡೆಸುವ ಗುರುವನ್ನು ಜನರು ಪಾದ್ರಿಯೆಂದೂ ಸಭಾಪಾಲಕನೆಂದೂ ಕರೆಯುವರು. ಅವರ ಹಳೆಯ ಪದವಿನಾಮಗಳ ಅರ್ಥವನ್ನು ಪರಿಶೀಲಿಸಿದರೆ ಒಂದು ವಿಶೇಷವು ಕಂಡುಬರುತ್ತದೆ. ‘ಪಾಸ್ಟರ್’ ಎಂಬ ಲ್ಯಾಟಿನ್ ಶಬ್ದಕ್ಕೆ ಕುರಿಕಾಯುವವನೆಂದು ಅರ್ಥ. ‘ಮಿನಿಸ್ಟರ್’ ಎಂಬುದಕ್ಕೆ ಸೇವಕನೆಂದು ಅರ್ಥ. ‘ಡೀಕನ್’ ಎಂಬ ಪದವಿಯ ಮೂಲವಾದ ಗ್ರೀಕ್ ಶಬ್ದವು ಊಟದ ಪಂಕ್ತಿಯಲ್ಲಿ ಬಡಿಸುವ ಪರಿಚಾರಕನನ್ನು ಸಹ ಹೇಳುತ್ತದೆ. ಯೇಸುವು ತನ್ನ ಮರಣದ ಹಿಂದಿನ ರಾತ್ರಿ ಸೊಂಟಕ್ಕೆ ವಸ್ತ್ರವನ್ನು ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತಾನೇ ತೊಳೆದ ವೃತ್ತಾಂತವು ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಬಂದಿದೆ. ಗುರುವೇ ಶಿಷ್ಯನ ಪಾದಕ್ಕೆ ಬಾಗಿದ ಆ ಮೇಲ್ಪಂಕ್ತಿಯಿಂದಲೇ ಈ ಹೆಸರುಗಳಿಗೆ ಗೌರವವು ಬಂದುದು. ಆದರೆ ಹೆಸರನ್ನು ಧರಿಸುವುದು ಸುಲಭ. ಸೇವಕರೆಂಬ ಬಿರುದನ್ನು ಹೊತ್ತು ಅರಮನೆಗಳಲ್ಲಿ ವಾಸಿಸಿದವರೂ ಆ ಧರ್ಮದ ಇತಿಹಾಸದಲ್ಲಿ ಅನೇಕರಿದ್ದಾರೆ. ಬಿರುದು ನಿಜವಾಗಬೇಕಾದರೆ ಏನಾಗಬೇಕೆಂಬುದನ್ನು ಐದು ಬಡ ಹಳ್ಳಿಗಳಲ್ಲಿ ಐವತ್ತೊಂಬತ್ತು ವರುಷ ಸಭಾಪಾಲಕರಾಗಿದ್ದ ಜಾನ್ ಫ್ರೆಡರಿಕ್ ಒಬರ್ಲಿನ್ನರ ಬಾಳು ತೋರಿಸಿಕೊಡುವುದು.

ಫ್ರಾನ್ಸ್ ದೇಶದ ಪೂರ್ವದಂಚಿನಲ್ಲಿ ಅಲ್ಸಾಸ್ ಎಂಬ ಪ್ರಾಂತವಿದೆ. ಅಲ್ಲಿಯ ಮುಖ್ಯಪಟ್ಟಣವಾದ ಸ್ಟ್ರಾಸ್‌ಬರ್ಗಿನಿಂದ ನೈರುತ್ಯಕ್ಕೆ, ವೋಝ್ ಎಂಬ ಬೆಟ್ಟಗಳ ಸಾಲಿನೊಳಗೆ ಬಾನ್ ದ ಲಾ ರೋಶ್ ಎಂಬ ಕಣಿವೆಯುಂಟು. ಜರ್ಮನ್ ಭಾಷೆಯಲ್ಲಿ ಅದಕ್ಕೆ ಷ್ಟೈನ್‌ತಾಲ್, ಅಂದರೆ ಕಲ್ಲುಕಣಿವೆ, ಎಂದು ಹೆಸರು. ಹೆಸರಿಗೆ ತಕ್ಕಂತೆ ನೆಲವು ಕಲ್ಲುಮಯ, ಚಳಿಗಾಲವು ದೀರ್ಘ, ಹಿಮವು ಬಿದ್ದರೆ ದಾರಿಯೇ ಇಲ್ಲ. 1618ರಿಂದ 1648ರ ವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಆ ಸೀಮೆಯು ಬಹುಮಟ್ಟಿಗೆ ನಿರ್ಜನವಾಗಿ, ಅನಂತರವೂ ಮೆಲ್ಲಮೆಲ್ಲನೆ ಮಾತ್ರ ಚೇತರಿಸಿಕೊಂಡಿತು. ವಾಲ್ಡರ್ಸ್‌ಬಾಖ್, ಫೂದೇ, ಬೆಲ್ಮೋಂ, ಬೆಲ್‌ಫೋಸ್, ಸೋಲ್‌ಬಾಖ್ ಎಂಬ ಐದು ಹಳ್ಳಿಗಳು ಕೂಡಿ ಒಂದು ಪ್ರಾಟೆಸ್ಟಂಟ್ ಸಭೆಯಾಗಿದ್ದುವು. ಜನರು ಸುತ್ತಲಿನವರಿಗೆ ಸರಿಯಾಗಿ ತಿಳಿಯದ ಒಂದು ಒರಟು ನುಡಿಯನ್ನಾಡುತ್ತಿದ್ದರು. ಕಾಡಿನ ಕಾಯಿಕಸರು, ಸೊರಗಿದ ಆಲೂಗಡ್ಡೆ, ಇವೇ ಬಹುಮಂದಿಯ ಆಹಾರವಾಗಿದ್ದುವು.

ಒಬರ್ಲಿನ್ನರಿಗಿಂತ ಮುಂಚೆ ಅಲ್ಲಿದ್ದ ಸಭಾಪಾಲಕರು ಸ್ಟೂಬರ್ ಎಂಬವರು. ಅವರು 1750ರಲ್ಲಿ ಅಲ್ಲಿಗೆ ಬಂದಾಗ ಮೊದಲು ಕೇಳಿದ್ದು ಶಾಲೆಯೆಲ್ಲಿ ಎಂದು. ಜನರು ಒಂದು ಗುಡಿಸಲನ್ನು ತೋರಿಸಿದರು. ಒಳಗೆ ಮಕ್ಕಳ ಗದ್ದಲ. ಮೂಲೆಯ ಹಾಸಿಗೆಯಲ್ಲಿ ಒಬ್ಬ ಬಡಕಲು ಮುದುಕ. ಅವನೇ ಉಪಾಧ್ಯಾಯನು. ಮಕ್ಕಳಿಗೆ ಏನು ಕಲಿಸುವೆಯೆಂದು ಕೇಳಲು, ಏನನ್ನೂ ಇಲ್ಲವೆಂದನು. ಏಕೆಂದು ಕೇಳಲು, ತನಗೇ ಏನೂ ಬಾರದೆಂದನು. ಅವನು ಹಿಂದೆ ಊರ ಹಂದಿಗಳನ್ನು ಕಾಯುತ್ತಿದ್ದವನು. ಮುಪ್ಪಿನಿಂದ ಅದಕ್ಕೆ ಶಕ್ತಿ ಸಾಲದಾದ ಮೇಲೆ ಮಕ್ಕಳನ್ನು ಕಾಯುವುದಕ್ಕೆ ನೇಮಿಸಿದ್ದರು. ಈ ಕಥೆಯನ್ನು ಕೇಳಿ ನಗುವವರು ನಗಬಹುದು. ಸ್ಟೂಬರರು ನಗಲಿಲ್ಲ. ಯೋಗ್ಯರಾದ ಯುವಕರು ಶಾಲಾಮಾಸ್ತರರೆಂಬ ಹೀನವಾದ ಹೆಸರಿಗೆ ಹೇಸುವರೆಂದು ಕಂಡು, ಆ ಕೆಲಸಕ್ಕೆ ಗೌರವದ ಬೇರೊಂದು ಹೆಸರನ್ನಿಟ್ಟು, ಒಳ್ಳೆಯ ಮನೆತನದ ತರುಣರನ್ನು ಅದಕ್ಕೆ ತಂದರು. ಒಬರ್ಲಿನ್ನರು ಕಟ್ಟಿದ ಮನೆಗೆ ಈ ತಳಹದಿಯನ್ನು ಹಾಕಿದವರು ಸ್ಟೂಬರರೆಂಬುದನ್ನು ಮರೆಯಲಾಗದು. ಒಳ್ಳೆಯ ಕೆಲಸವು ಒಬ್ಬರಿಂದ ಮೊದಲಾಗಿ ಒಬ್ಬರಲ್ಲಿಯೇ ಮುಗಿಯುವುದು ವಿರಳ.

ಒಬರ್ಲಿನ್ನರು 1740ನೆಯ ಆಗಸ್ಟ್ 31ರಂದು ಸ್ಟ್ರಾಸ್‌ಬರ್ಗಿನಲ್ಲಿ ಹುಟ್ಟಿದರು. ತಂದೆಯು ಉಪಾಧ್ಯಾಯರು, ಅಣ್ಣನಾದ ಜೆರೆಮಿ ಜಾಕ್ ಒಬರ್ಲಿನ್ನರು ಪ್ರಾಚೀನ ವಸ್ತುಶೋಧಕರೆಂದು ಪ್ರಸಿದ್ಧರಾದ ಪಂಡಿತರು. ತಮ್ಮ ಸ್ಥಾನಕ್ಕೆ ತಕ್ಕವರನ್ನು ಹುಡುಕುತ್ತ ಸ್ಟೂಬರರು 1767ರಲ್ಲಿ ಈ ತರುಣರ ಕೋಣೆಗೆ ಬಂದರು. ಅದು ಅಟ್ಟದ ಮೇಲಿನ ಸಣ್ಣ ಕೋಣೆ. ತರುಣರು ಹಲ್ಲುನೋವಿನಿಂದ ಮಲಗಿದ್ದರು. ಹಾಸಿಗೆಗೆ ಕಾಗದದ ತೆರೆ. ದೀಪದ ಮೇಲೆ ತೂಗಿಬಿಟ್ಟ ಒಂದು ಕಬ್ಬಿಣದ ಚಿಕ್ಕ ಬಾಣಲೆ. ಓದುತ್ತಿರುವಾಗ ಆ ದೀಪದ ಕಾವಿನಲ್ಲಿಯೇ ನೀರು, ಉಪ್ಪು, ರೊಟ್ಟಿಯ ಚೂರು ಬೆಂದು ರಾತ್ರಿಯ ಊಟವಾಗುತ್ತಿತ್ತು. ಇದನ್ನು ಕಂಡೊಡನೆ ಕಲ್ಲುಕಣಿವೆಗೆ ಬೇಕಾದವನು ಇವನೇ ಎಂದು ಸ್ಟೂಬರರು ನಿಶ್ಚಯಿಸಿದರು. ಆ ವೇಳೆಗೆ ಸೈನ್ಯದ ಒಂದು ದಳಕ್ಕೆ ಗುರುವಾಗಿ ಹೋಗಲು ಒಬರ್ಲಿನ್ನರು ಒಪ್ಪಿದ್ದರು. ಆ ಸ್ಥಾನಕ್ಕೆ ಬೇರೊಬ್ಬರು ದೊರೆತ ಮೇಲೆಯೇ ಬಿಡುಗಡೆ ಹೊಂದಿ, ಅದೇ ವರುಷದ ವಸಂತದಲ್ಲಿ ವಾಲ್ಡರ್ಸ್‌ಬಾಖಿಗೆ ಬಂದು ಸೇರಿದರು. ಆಗ ಅವರಿಗೆ ಇಪ್ಪತ್ತಾರು ವರುಷ.

ಬಂದವರನ್ನು ಜನರು ಹೂಮಾಲೆಯಿಂದ ಎದುರುಗೊಂಡರೆಂದು ತಿಳಿಯಬಾರದು. ಹೊಸ ಗುರುವು ಹೇಳಿದ ಹೊಸ ಮಾತುಗಳು ಅನೇಕರಿಗೆ ಹಿಡಿಸಲಿಲ್ಲ. ಒಂದು ಭಾನುವಾರ ಆರಾಧನೆಯಾದ ಮೇಲೆ ದಾರಿಯಲ್ಲಿ ಅಡ್ಡಗಟ್ಟಿ ಅವರನ್ನು ಚೆನ್ನಾಗಿ ಹೊಡೆಯಬೇಕೆಂದು ಕೆಲವರು ಗುಟ್ಟಾಗಿ ಗೊತ್ತುಮಾಡಿದರು. ಸುದ್ದಿಯು ಒಬರ್ಲಿನ್ನರ ಕಿವಿಗೆ ಬಿತ್ತು. ಅವರು ಜಮೀನುದಾರನ ಅಧಿಕಾರಿಗೆ ದೂರುಕೊಡಬಹುದಾಗಿತ್ತು, ಹಾಗೆ ಮಾಡಲಿಲ್ಲ. ಆ ದಿನ ಅಪಕಾರವನ್ನು ಸಹನೆಯಿಂದ ಸಹಿಸುವ ವಿಷಯವನ್ನೇ ಎತ್ತಿಕೊಂಡು ಉಪದೇಶಮಾಡಿ, ಸಭೆಯು ಮುಗಿದ ಕೂಡಲೇ ಹಂಚಿಕೆ ಹೂಡಿದವರು ಕೂಡಿದ್ದ ಮನೆಗೆ ತಾವೇ ಒಬ್ಬರೇ ನಡೆದರು. ತಾವು ತಪ್ಪುಮಾಡಿದ್ದರೆ ಶಿಕ್ಷಿಸಬಹುದೆಂದೂ, ಹೊಂಚುಹಾಕಿ ಹೊಡೆಯುವ ಹೀನತೆಯು ಅವರಿಗೆ ತಟ್ಟದಿರಲೆಂದು ತಾವೇ ಕೈಗೆ ಸಿಕ್ಕಲು ಬಂದಿರುವುದಾಗಿಯೂ ತಿಳಿಸಿದರು. ಆ ಮನೆಯವರು ನಾಚಿ ಕ್ಷಮೆಯನ್ನು ಬೇಡಿ, ಮುಂದೆ ಅವರಿಗೆ ಆಪ್ತರಾದರು. ದಂಡದಿಂದ ಗೆಲ್ಲಬಹುದಾಗಿದ್ದಲ್ಲಿ ಅದನ್ನು ಬಿಟ್ಟುಕೊಟ್ಟುದರಿಂದಲೇ ಅವರ ಅಧಿಕಾರವು ಮೊದಲಾಯಿತು.

ಇನ್ನು ದಾರಿಯ ಪ್ರಸಂಗ. ಕಣಿವೆಯಿಂದ ಹೊರಕ್ಕೆ ಹೋಗಲು ಗಾಡಿಯ ಹಾದಿಯಿರಲಿಲ್ಲ. ಬ್ರೂಶ್ ಎಂಬ ಹೊಳೆಗೆ ಸರಿಯಾದ ಸೇತುವೆಯಿರಲಿಲ್ಲ. ಬೆಳೆದುದನ್ನು ಮಾರುವಂತಿಲ್ಲ, ಉಪಕರಣಗಳನ್ನು ತರುವಂತಿಲ್ಲ. ಒಬರ್ಲಿನ್ನರು ಜನರನ್ನು ಸೇರಿಸಿ, ಬಂಡೆಗಳನ್ನು ಒಡೆದು ರೋತೋ ಗ್ರಾಮದ ಕಡೆಗೆ ರಸ್ತೆಯನ್ನು ತೆಗೆಯೋಣವೆಂದರು. ಆಗದ ಕೆಲಸವೆಂದು ಎಲ್ಲರೂ ಒಂದೇ ಬಾಯಿಂದ ಹೇಳಿದರು. ತಮ್ಮತಮ್ಮ ಮನೆಗೆಲಸವೇ ತಮಗೆ ಸಾಕೆಂದರು. ಆಗ ಒಬರ್ಲಿನ್ನರು ಹೆಚ್ಚು ಮಾತನಾಡದೆ ಹೆಗಲ ಮೇಲೆ ಗುದ್ದಲಿಯನ್ನಿಟ್ಟುಕೊಂಡು ಒಬ್ಬ ಸೇವಕನೊಡನೆ ಹೊರಟು ಅಗೆಯಲಾರಂಭಿಸಿದರು. ಬಲು ಕಠಿನವಾದ, ಮುಳ್ಳುಕಲ್ಲಿನ ಜಾಗವನ್ನೇ ತಮ್ಮ ಪಾಲಿಗೆ ಆರಿಸಿಕೊಂಡರು. ಗುರುವು ಬೆವರಿಳಿಸುತ್ತಿರುವಾಗ ಶಿಷ್ಯನು ಬದಿಯಲ್ಲಿ ನಿಂತು ನೋಡುವುದೆಂತು? ಒಬ್ಬರಾದ ಮೇಲೊಬ್ಬರು ಗುದ್ದಲಿ ಹಿಡಿದು ಬಂದರು. ಬಂಡೆಗಳನ್ನು ಸಿಡಿಸಿದರು, ಹೊಳೆಯ ದಡಕ್ಕೆ ಗೋಡೆಯನ್ನು ಕಟ್ಟಿದರು, ಸೇತುವೆಯನ್ನು ಹಾಕಿದರು. ಆ ಸೇತುವೆಗೆ ಫ್ರೆಂಚ್ ಭಾಷೆಯಲ್ಲಿ ಪ್ರೇಮದ ಸೇತುವೆಯೆಂಬರ್ಥದ ಹೆಸರು ಬಂದಿತು. ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮವೆಂದು ನಮ್ಮ ರೈತರು ಹೇಳುವ ಗಾದೆಯು ಇಲ್ಲಿ ಇನ್ನೊಂದು ಅರ್ಥವನ್ನು ಪಡೆಯುವುದು. ತಾನು ಮಾಡಿದುದು ಉತ್ತಮವಾದದ್ದು ಕೆಲಸವು ಚೆನ್ನಾಯಿತೆಂಬುದರಿಂದ ಮಾತ್ರವಲ್ಲ, ಅದನ್ನು ಕಂಡು ಸಾವಿರ ಕೈಗಳು ಎದ್ದುವೆಂಬುದರಿಂದ. ಕಾಯಕದ ಹಿರಿಮೆಯನ್ನು ಬಲ್ಲ ಈ ಸಭೆಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಬೇಸಾಯದಲ್ಲಿಯೂ ಇದೇ ರೀತಿ. ಪಟ್ಟಣದಲ್ಲಿ ಹುಟ್ಟಿದ ಪಾದ್ರಿಗೆ ಒಕ್ಕಲುತನವೇನು ತಿಳಿಯುವುದೆಂದು ಜನರು ಹಾಸ್ಯಮಾಡುತ್ತಿದ್ದರು. ಒಬರ್ಲಿನ್ನರು ವಾದಿಸಲಿಲ್ಲ. ಪಾದ್ರಿಯ ಮನೆಗೆ ಸೇರಿದ ಹೊಲಗಳಲ್ಲಿ, ಎಲ್ಲರೂ ದಿನವೂ ಹಾದುಹೋಗುವ ಕಾಲುದಾರಿಯ ಪಕ್ಕದ ಬರಡು ನೆಲವನ್ನೇ ಆರಿಸಿ, ಆಳವಾಗಿ ಗುಂಡಿ ತೋಡಿಸಿ, ಒಳ್ಳೆಯ ಮಣ್ಣುಗೊಬ್ಬರವನ್ನು ತುಂಬಿ ಸೇಬು, ಪೇರು ಮೊದಲಾದ ಹಣ್ಣಿನ ಸಸಿಗಳನ್ನು ನೆಟ್ಟರು. ಸಸಿಗಳು ಚಿಗುರಿ ಮರಗಳಾದಾಗ, ಹಾದುಹೋಗುವವರೇ ನಿಂತು ಇದು ಹೇಗಾಯಿತೆಂದು ಕೇಳತೊಡಗಿದರು. ಕೇಳಿದವರಿಗೆ ಕಸಿಮಾಡುವುದನ್ನು ಕಲಿಸಿದರು. ಹೊಸ ಬೀಜದ ಆಲೂಗಡ್ಡೆಯನ್ನು ತರಿಸಿದರು. ನಾರಗಸೆಯ ಒಳ್ಳೆಯ ಬೀಜವನ್ನು ದೂರದ ರೀಗಾ ಪಟ್ಟಣದಿಂದ ಬರಮಾಡಿದರು. ಬಾಲಕ ಬಾಲಕಿಯರು ದೃಢೀಕರಣ ಸಂಸ್ಕಾರವನ್ನು ಹೊಂದುವ ಮೊದಲು ಎರಡು ಮರಗಳನ್ನು ನೆಟ್ಟಿರಬೇಕೆಂದು ನಿಯಮಿಸಿದರು. ಬುದ್ಧಿವಂತರಾದ ಹುಡುಗರನ್ನು ಸ್ಟ್ರಾಸ್‌ಬರ್ಗಿಗೆ ಕಳುಹಿಸಿ ಕಲ್ಲುಕೆಲಸ, ಬಡಗಿತನ, ಕಮ್ಮಾರಿಕೆ, ಗಾಡಿಚಕ್ರ ಮಾಡುವ ವಿದ್ಯೆ ಇವುಗಳನ್ನು ಕಲಿಸಿ ತರಿಸಿದರು. ಹೊರಗಿನವರ ಕೈ ನೋಡುತ್ತಿದ್ದ ಹಳ್ಳಿಗಳು ತಮ್ಮ ಕೈಯನ್ನೇ ನಂಬತೊಡಗಿದುವು.

ಶಾಲೆಗಳ ವಿಷಯದಲ್ಲಿ ಅವರು ಪಟ್ಟ ಶ್ರಮವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಹೊಸ ಶಾಲೆಯ ಮನೆಯನ್ನು ಕಟ್ಟೋಣವೆಂದಾಗ, ಅದರ ಖರ್ಚಾಗಲಿ ದುರಸ್ತಿಯ ಹೊರೆಯಾಗಲಿ ಗ್ರಾಮದ ಮೇಲೆ ಬೀಳಕೂಡದೆಂದು ಜನರು ಹಟಹಿಡಿದು ಅವರಿಂದ ಬರಹವನ್ನು ಪಡೆದುಕೊಂಡರು. ತಮ್ಮ ಅಲ್ಪ ಸಂಬಳವೇ ಆಧಾರವಾಗಿದ್ದರೂ ಒಬರ್ಲಿನ್ನರು ಬರೆದುಕೊಟ್ಟು, ಸ್ಟ್ರಾಸ್‌ಬರ್ಗಿನ ಸ್ನೇಹಿತರಿಂದ ಭಿಕ್ಷೆಯೆತ್ತಿ ಕಟ್ಟಿಸಿದರು. ಕಾಲಾಂತರದಲ್ಲಿ ಐದು ಹಳ್ಳಿಗಳಿಗೂ ಶಾಲೆಗಳಾದುವು. ಅದಕ್ಕಿಂತಲೂ ಹೆಚ್ಚಿನದು ಎಳೆಯ ಮಕ್ಕಳ ಶಾಲೆ. ತಂದೆತಾಯಿಗಳು ಹೊಲಕ್ಕೆ ಹೋದಾಗ ಚಿಕ್ಕ ಮಕ್ಕಳು ಹಾದಿಬೀದಿಯಲ್ಲಿ ಅಲೆಯುತ್ತಿದ್ದುವು. ಬೆಲ್ಮೋಂ ಗ್ರಾಮದ ಸಾರಾ ಬಾಂಜೆ ಎಂಬ ತರುಣಿಯು ತಾನಾಗಿಯೇ ಮಕ್ಕಳನ್ನು ಕೂಡಿಸಿ ಹೆಣಿಗೆಯ ಕೆಲಸವನ್ನು ಕಲಿಸುತ್ತಿದ್ದಳು. ಇದು ಒಬರ್ಲಿನ್ನರ ಕಣ್ಣಿಗೆ ಬಿತ್ತು. ಅವರು ಆ ಕೆಲಸವನ್ನು ಅವಳಿಂದ ಕಿತ್ತುಕೊಂಡು ತಮ್ಮ ಹೆಸರಿನಲ್ಲಿ ನಡೆಸಲಿಲ್ಲ. ಅವಳಿಗೇ ಸಂಬಳವನ್ನು ಗೊತ್ತುಮಾಡಿ, ಅವಳಂತಹ ಇತರ ಸ್ತ್ರೀಯರನ್ನು ಬೇರೆ ಹಳ್ಳಿಗಳಿಗೂ ನೇಮಿಸಿದರು. ಅಲ್ಲಿ ಮಕ್ಕಳು ಹೆಣಿಗೆಯ ಜೊತೆಗೆ ಹಾಡು, ಕಥೆ, ಗಿಡಮೂಲಿಕೆಗಳ ಹೆಸರು, ಊರ ನಕ್ಷೆ ಇವುಗಳನ್ನು ಆಟದಂತೆ ಕಲಿಯುತ್ತಿದ್ದರು. ಯೂರೋಪಿನಲ್ಲಿ ಶಿಶುವಿಹಾರಗಳ ಚರಿತ್ರೆಯನ್ನು ಬರೆಯುವವರು 1770ರ ಸುಮಾರಿನ ಈ ಹೆಣಿಗೆಯ ಕೋಣೆಗಳಿಂದಲೇ ಅದನ್ನು ಆರಂಭಿಸುವುದುಂಟು. ಸಾರಾ 1774ರಲ್ಲಿ ಇನ್ನೂ ತರುಣಿಯಾಗಿರುವಾಗಲೇ ತೀರಿಕೊಂಡಳು; ಅವಳು ಹೊತ್ತಿಸಿದ ದೀಪವು ಆರಲಿಲ್ಲ.

1768ರಲ್ಲಿ ಒಬರ್ಲಿನ್ನರು ಮದಲೀನ್ ಸಲೋಮೆ ವಿಟ್ಟರ್ ಎಂಬಾಕೆಯನ್ನು ವಿವಾಹವಾಗಿದ್ದರು. ಈ ಸಾಧ್ವಿಯು ಶಾಲೆಗಳಲ್ಲಿಯೂ ಬಡವರ ಮನೆಗಳಲ್ಲಿಯೂ ಪತಿಗೆ ಸಮನಾಗಿ ದುಡಿದು 1783ರ ಆರಂಭದಲ್ಲಿ ಪರಲೋಕವನ್ನೈದಿದರು. ಮನೆಯಲ್ಲಿ ಏಳು ಮಕ್ಕಳು. ಆಗ ಆ ಮನೆಯ ಭಾರವನ್ನು ಹೊತ್ತವಳು ಲೂಯಿಸ್ ಶೆಪ್ಲರ್ ಎಂಬ ಕೆಲಸದ ಹುಡುಗಿ. ಬೆಲ್‌ಫೋಸ್ ಗ್ರಾಮದ ಬಡ ರೈತನ ಮಗಳಾದ ಈಕೆ ಹದಿನಾರನೆಯ ವಯಸ್ಸಿನ ಸುಮಾರಿಗೆ ಆ ಮನೆಗೆ ಸೇರಿದ್ದಳು. ಹಗಲು ಹಳ್ಳಿಯಿಂದ ಹಳ್ಳಿಗೆ ಹಿಮದಲ್ಲಿ ನಡೆದು ಮಕ್ಕಳಿಗೆ ಕಲಿಸುವಳು. ಮನೆಗೆ ಬಂದು ತಾಯಿಯಿಲ್ಲದ ಮಕ್ಕಳನ್ನು ಸಲಹುವಳು. 1793ರಲ್ಲಿ ಆಕೆಯು ಇನ್ನು ಮೇಲೆ ತನಗೆ ಸಂಬಳವು ಬೇಡ, ಮನೆಯ ಮಗಳಂತೆ ತನ್ನನ್ನು ಇಟ್ಟುಕೊಂಡರೆ ಸಾಕೆಂದು ಒಬರ್ಲಿನ್ನರಿಗೆ ಪತ್ರವನ್ನು ಬರೆದಳು. ಒಬರ್ಲಿನ್ನರಾದರೋ ಆಕೆಯನ್ನು ಸೋದರಿಯೆಂದೇ ಕಾಣಬೇಕೆಂದು ತಮ್ಮ ಮಕ್ಕಳಿಗೆ ಬರೆದಿಟ್ಟುಹೋದರು. ಮಕ್ಕಳು ಆಸ್ತಿಯಲ್ಲಿ ಪಾಲನ್ನು ಕೊಡಲು ಬಂದಾಗ ಆಕೆಯು ಅದನ್ನು ಒಲ್ಲೆನೆಂದಳು. 1829ರಲ್ಲಿ ಫ್ರೆಂಚ್ ಅಕಾಡೆಮಿಯು ಸದ್ಗುಣಕ್ಕಾಗಿ ಕೊಡುವ ಮೋಂತಿಯೋನ್ ಬಹುಮಾನವನ್ನು ಈ ಕೆಲಸದವಳಿಗೆ ಕೊಟ್ಟಿತು. ದೇಶದ ಪಂಡಿತಮಂಡಲಿಯ ಮುಂದೆ ಅವಳ ಗುಣವನ್ನು ವರ್ಣಿಸಿದವರು ಪ್ರಖ್ಯಾತ ಪ್ರಾಣಿಶಾಸ್ತ್ರಜ್ಞರಾದ ಕ್ಯುವಿಯೇ. ನಾಯಕನ ಹಿರಿತನವನ್ನು ಅವನ ಸಭೆಯ ಕಿರಿಯರಲ್ಲಿ ನೋಡಬೇಕೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷ್ಯವು ಬೇಕಿಲ್ಲ.

ಹೀಗೆ ಹೇಳಿದುದರಿಂದ ಒಬರ್ಲಿನ್ನರು ಮೃದುತ್ವವೊಂದನ್ನೇ ಬಲ್ಲವರೆಂದು ಎಣಿಸಬಾರದು. ವಿನಯವು ಬೇರೆ, ದೌರ್ಬಲ್ಯವು ಬೇರೆ. ಬಡವರಿಗಾಗಿ ಸಾಲದ ನಿಧಿಯೊಂದನ್ನು ಅವರು ಸ್ಥಾಪಿಸಿದ್ದರು. ಗೊತ್ತಾದ ದಿನಕ್ಕೆ ಹಣವನ್ನು ಹಿಂತಿರುಗಿಸದವನಿಗೆ ಮತ್ತೆ ಸಾಲವನ್ನು ಪಡೆಯುವ ಹಕ್ಕು ತಪ್ಪುತ್ತಿತ್ತು. ಇದರಲ್ಲಿ ದಾಕ್ಷಿಣ್ಯವಿರಲಿಲ್ಲ, ಏಕೆಂದರೆ ಒಬ್ಬನು ತಡಮಾಡಿದರೆ ಕಾದಿರುವ ಮತ್ತೊಬ್ಬ ಬಡವನಿಗೆ ನಷ್ಟ. ತಮ್ಮ ವಿಷಯದಲ್ಲಿ ಅವರ ಕಟ್ಟುನಿಟ್ಟು ಇನ್ನೂ ಹೆಚ್ಚಿನದು. ವರಮಾನದಲ್ಲಿ ದೇವಾರಾಧನೆಗೆ ಒಂದು ಪಾಲು, ದಾರಿ ಶಾಲೆ ಮೊದಲಾದ ಲೋಕೋಪಯೋಗದ ಕಾರ್ಯಗಳಿಗೆ ಒಂದು ಪಾಲು, ಬಡವರಿಗೆ ಒಂದು ಪಾಲು ಎಂದು ಮೂರು ಪೆಟ್ಟಿಗೆಗಳಲ್ಲಿ ಬೇರೆಬೇರೆಯಾಗಿ ತೆಗೆದಿಡುತ್ತಿದ್ದರು. ಸಕ್ಕರೆಯೂ ಕಾಫಿಯೂ ಗುಲಾಮರ ದುಡಿಮೆಯಿಂದ ಬರುವ ಪದಾರ್ಥಗಳೆಂದು ತಿಳಿದ ಮೇಲೆ ಅವೆರಡನ್ನೂ ತ್ಯಜಿಸಿದರು. ಸಭೆಯವರ ಹೆಸರುಗಳನ್ನು ತಮ್ಮ ಕೋಣೆಯ ಬಾಗಿಲ ಮೇಲೆ ಸೀಮೆಸುಣ್ಣದಿಂದ ಬರೆದುಕೊಂಡು, ಒಬ್ಬೊಬ್ಬರಿಗಾಗಿ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದರು. ಜನಸಮೂಹವನ್ನು ಪ್ರೀತಿಸುವೆನೆಂದು ಹೇಳುವವರು ಬಹುಮಂದಿ. ಜನರನ್ನು ಒಬ್ಬೊಬ್ಬರಾಗಿ ಬಲ್ಲವರು ಕೆಲವರು.

ಭಾನುವಾರಗಳಲ್ಲಿ ಅವರು ತಮ್ಮ ಪ್ರಾರ್ಥನಾಲಯಗಳಲ್ಲಿ ಸರದಿಯ ಮೇಲೆ ಆರಾಧನೆಯನ್ನು ನಡೆಸುವರು. ಹಳ್ಳಿಯವರಲ್ಲಿ ಸರದಿಯಂತೆ ಒಬ್ಬನು ಕುದುರೆಯನ್ನು ತಂದು ಕರೆದೊಯ್ಯುವನು; ಆ ದಿನದ ಊಟವು ಅವನ ಮನೆಯಲ್ಲಿ, ಅವನು ಉಣ್ಣುವುದನ್ನೇ. ಶುಕ್ರವಾರದ ಕೂಟದಲ್ಲಿ ಅವರು ಮನೆಯ ಹಿರಿಯನಂತೆ ಕುಳಿತು ಓದಿಹೇಳುವರು. ಸುತ್ತ ಕುಳಿತ ಹೆಂಗಸರು ತಮಗಿಂತ ಬಡವರಾದವರಿಗಾಗಿ ಕಾಲುಚೀಲಗಳನ್ನು ಹೆಣೆಯುತ್ತ ಕೇಳುವರು. ಸ್ವಲ್ಪ ಹೊತ್ತಾದ ಮೇಲೆ, ಮಕ್ಕಳೇ, ದಣಿವಾಯಿತೇ, ಸಾಕೇ ಎಂದು ವಿಚಾರಿಸುವರು. ಆ ಕಾಲದಲ್ಲಿ ಕ್ರೈಸ್ತರೊಳಗಿನ ಪಂಗಡಗಳ ವೈರವು ಇನ್ನೂ ಆರಿರಲಿಲ್ಲ. ಲೂಥರನ ಮತದವರು, ಕಾಲ್ವಿನನ ಮತದವರು, ಕ್ಯಾಥೋಲಿಕರು ಎಲ್ಲರಿಗೂ ಒಬರ್ಲಿನ್ನರ ಬಾಗಿಲು ತೆರೆದಿತ್ತು. ಅವರವರ ಸಂಪ್ರದಾಯಕ್ಕೆ ಹೊಂದುವಂತೆ ಪ್ರಸಾದದ ರೊಟ್ಟಿಯನ್ನು ಬೇರೆಬೇರೆ ವಿಧವಾಗಿ ಸಿದ್ಧಪಡಿಸಿ ಒಂದೇ ಪಂಕ್ತಿಯಲ್ಲಿ ನೀಡುತ್ತಿದ್ದರೆಂದು ಅವರ ಚರಿತ್ರಕಾರರು ಹೇಳುವರು.

1789ರಲ್ಲಿ ಫ್ರಾನ್ಸಿನ ಮಹಾಕ್ರಾಂತಿಯು ಮೊದಲಾಯಿತು. 1793-94ರ ಭೀಕರ ದಿನಗಳಲ್ಲಿ ಸರ್ವಮತಗಳ ಆರಾಧನೆಯೂ ನಿಷಿದ್ಧವಾಗಿ, ಊರೂರಿನಲ್ಲಿ ಜನರ ಸಂಘವು ಕೂಡಿ ಭಾಷಣಗಳು ನಡೆಯಬೇಕೆಂದು ಆಜ್ಞೆಯಾಯಿತು. ಒಬರ್ಲಿನ್ನರು ಜನರನ್ನು ಸೇರಿಸಿ ಆಜ್ಞೆಯನ್ನು ಓದಿಹೇಳಿದರು. ಅಧ್ಯಕ್ಷನನ್ನು ಆರಿಸಿರೆಂದರು, ಜನರು ಶಾಲೆಯ ಉಪಾಧ್ಯಾಯನನ್ನು ಆರಿಸಿದರು. ಭಾಷಣಕಾರನನ್ನು ಆರಿಸಬೇಕಾಗಲು ಎಲ್ಲರೂ ಒಬರ್ಲಿನ್ನರನ್ನೇ ಆರಿಸಿದರು. ಕೂಡಲು ಸ್ಥಳವಾವುದೆಂಬುದಕ್ಕೆ ಪ್ರಾರ್ಥನಾಲಯವೇ ಅನುಕೂಲವೆಂದಾಯಿತು. ಹೀಗೆ ಅಧ್ಯಕ್ಷಪೀಠವು ಉಪಾಧ್ಯಾಯನದಾಗಿ, ಹಿಂದಿನ ಗುರುವು ಸಂಘದ ಒಬ್ಬ ಭಾಷಣಕಾರ ಮಾತ್ರನಾಗಿ ನಿಂತು, ಹೊರಗಿನ ಕ್ರೂರ ಅರಸರಿಗಿಂತ ಮೊದಲು ಎದೆಯೊಳಗಿನ ಕಾಮಕ್ರೋಧಗಳೆಂಬ ಅರಸರನ್ನು ಇಳಿಸಬೇಕೆಂದು ಬೋಧಿಸಿದರು. ಪದವಿಯು ಹೋದರೂ ಕೆಲಸವು ನಿಲ್ಲಲಿಲ್ಲ. ಬೆನ್ನಟ್ಟಲ್ಪಟ್ಟ ಅನೇಕರಿಗೆ ಆ ಕಣಿವೆಯು ಆಶ್ರಯವಾಯಿತು. 1794ರ ಬೇಸಗೆಯಲ್ಲಿ ಅವರನ್ನು ಸೆರೆಹಿಡಿದು ಸೆಲೆಸ್ಟಾ ಪಟ್ಟಣಕ್ಕೆ ಒಯ್ದರು. ರೋಬೆಸ್ಪಿಯರನ ಪತನದಿಂದ ಬಿಡುಗಡೆಯಾಯಿತು. ಅದೇ ವರುಷ ಸೆಪ್ಟೆಂಬರಿನಲ್ಲಿ ರಾಷ್ಟ್ರಸಭೆಯೇ ಅವರ ವಿದ್ಯಾಪ್ರಸಾರಕ್ಕಾಗಿ ಅವರನ್ನು ಗೌರವದಿಂದ ಸ್ಮರಿಸಿತು. ಸೆರೆಗೂ ಸನ್ಮಾನಕ್ಕೂ ಕೆಲವೇ ವಾರಗಳ ಅಂತರ. ಎರಡರಿಂದಲೂ ಅವರ ದಿನಚರಿಯು ಬದಲಾಗಲಿಲ್ಲ.

ಕಣಿವೆಯ ಜನರಿಗೂ ಜಮೀನುದಾರರಿಗೂ ಕಾಡಿನ ಹಕ್ಕಿನ ವಿಷಯವಾಗಿ ಎಂಬತ್ತು ವರುಷಗಳಿಗೂ ಮೇಲ್ಪಟ್ಟು ಒಂದು ವ್ಯಾಜ್ಯವು ನಡೆಯುತ್ತಿತ್ತು. ತಾತಂದಿರು ಹೂಡಿದ ವ್ಯಾಜ್ಯದಲ್ಲಿ ಮೊಮ್ಮಕ್ಕಳು ಸವೆಯುತ್ತಿದ್ದರು. ಪ್ರಾಂತಾಧಿಕಾರಿಯ ನೆರವಿನಿಂದ ಒಬರ್ಲಿನ್ನರು ಎರಡು ಪಕ್ಷಗಳನ್ನೂ ಒಪ್ಪಿಸಿ 1813ರಲ್ಲಿ ರಾಜಿಮಾಡಿಸಿದರು. ರಾಜಿಪತ್ರಕ್ಕೆ ಸಹಿಹಾಕಿದ ಲೇಖನಿಯನ್ನು ಜನರ ಮುಖಂಡರು ಅಧಿಕಾರಿಯ ಸೂಚನೆಯಂತೆ ತಂದು ಅವರಿಗೆ ಕಾಣಿಕೆಯಾಗಿ ಒಪ್ಪಿಸಿದರು. ಅದೇ ಸುಮಾರಿಗೆ ಬಾಸೆಲ್ ಪಟ್ಟಣದ ಲಗ್ರಾಂ ಎಂಬ ಉದಾರಿಗಳು ತಮ್ಮ ರೇಷ್ಮೆಪಟ್ಟಿಯ ಕೈಗಾರಿಕೆಯನ್ನು ಫೂದೇ ಗ್ರಾಮಕ್ಕೆ ತಂದು, ಮಗ್ಗಗಳನ್ನು ಮನೆಮನೆಗಳಲ್ಲಿಯೇ ಹೂಡಿಸಿದರು. ತಾಯಂದಿರು ಮಕ್ಕಳನ್ನು ಬಿಟ್ಟು ಕಾರ್ಖಾನೆಗೆ ಹೋಗಬೇಕಾದ ಕಷ್ಟವು ತಪ್ಪಿತು.

ಸನ್ಮಾನಗಳು ತಾವಾಗಿಯೇ ಅರಸಿಕೊಂಡು ಬಂದುವು. 1818ರಲ್ಲಿ ಪ್ಯಾರಿಸಿನ ಕೃಷಿಸಂಘವು ಚಿನ್ನದ ಪದಕವನ್ನಿತ್ತಿತು. 1819ರಲ್ಲಿ ಅರಸನು ಲೀಜನ್ ಆಫ್ ಆನರ್ ಎಂಬ ಪದವಿಯನ್ನಿತ್ತನು. ಜನರಿಗೆ ಮಾತ್ರ ಅವರು ‘ಪಾಪಾ ಒಬರ್ಲಿನ್’, ಅಂದರೆ ಅಪ್ಪ. 1826ನೆಯ ಜೂನ್ 1ರಂದು, ಎಂಬತ್ತಾರನೆಯ ವಯಸ್ಸಿನಲ್ಲಿ, ಅವರು ದೇಹವನ್ನು ಬಿಟ್ಟರು. ಜೂನ್ 5ರಂದು ವಾಲ್ಡರ್ಸ್‌ಬಾಖಿನಿಂದ ಫೂದೇ ಗ್ರಾಮದ ಪ್ರಾರ್ಥನಾಲಯದ ಅಂಗಳಕ್ಕೆ ಶವವನ್ನು ಒಯ್ಯುವಾಗ ಮೆರವಣಿಗೆಯು ದಾರಿಯುದ್ದಕ್ಕೂ ತುಂಬಿತ್ತು. ಸುತ್ತಲಿನ ಕ್ಯಾಥೋಲಿಕ್ ಸ್ತ್ರೀಯರೂ ಮೊಣಕಾಲೂರಿ ಪ್ರಾರ್ಥಿಸಿದರು. ಸಮಾಧಿಯ ಶಿಲುಬೆಯ ಮೇಲೆ ಬರೆದುದು ಜನರು ಕರೆಯುತ್ತಿದ್ದ ಆ ಹೆಸರನ್ನೇ.

ಭಕ್ತಮಹಾಶಯರೇ, ಈ ಚರಿತ್ರೆಯಿಂದ ಗ್ರಹಿಸಬೇಕಾದ ತತ್ತ್ವವೇನು? ಗುರುವು ಗುದ್ದಲಿ ಹಿಡಿದನೆಂಬುದು ಮಾತ್ರವಲ್ಲ. ಒಂದು ದಿನ ಎಲ್ಲರೆದುರಿಗೆ ಗುದ್ದಲಿ ಹಿಡಿದು ಕೀರ್ತಿಯನ್ನು ಪಡೆಯುವುದು ಕಷ್ಟವಲ್ಲ. ಅದೂ ಒಂದು ವಿಧದ ಅಹಂಕಾರವಾಗಬಹುದು. ಸೇವೆಯು ನಿಜವೋ ಅಲ್ಲವೋ ಎಂಬುದಕ್ಕೆ ಪರೀಕ್ಷೆಯು ಬೇರೆಯಿದೆ. ಸೇವೆಮಾಡಿದವನು ತನ್ನ ಸುತ್ತಲಿನವರನ್ನು ಇನ್ನೂ ಚಿಕ್ಕವರನ್ನಾಗಿ ಮಾಡಿದನೇ, ಅಥವಾ ತನ್ನೆತ್ತರಕ್ಕೆ ಏರಿಸಿದನೇ? ಕೆಲವರ ಉಪಕಾರವು ಜನರನ್ನು ಎಂದೆಂದಿಗೂ ಕೈಯೊಡ್ಡುವವರನ್ನಾಗಿ ಇಡುವುದು. ಒಬರ್ಲಿನ್ನರ ಸೇವೆಯು ಹಾಗಿರಲಿಲ್ಲ. ಹಂದಿ ಕಾಯುವವನಿಗೆ ಮಕ್ಕಳನ್ನೊಪ್ಪಿಸಿದ್ದ ಹಳ್ಳಿಗಳಲ್ಲಿ ಸಾರಾ ಬಾಂಜೆ ಎದ್ದು ನಿಂತಳು, ಲೂಯಿಸ್ ಶೆಪ್ಲರ್ ಎದ್ದು ನಿಂತಳು. ಫೂದೇ ಗ್ರಾಮದ ಸೋಫಿ ಬರ್ನಾರ್ ಎಂಬಾಕೆಯು ಅನಾಥ ಶಿಶುಗಳನ್ನು ತಂದು ಸಾಕಿ, ತನ್ನನ್ನು ವರಿಸಬಂದ ತರುಣನಿಗೆ ಈ ಮಕ್ಕಳನ್ನು ಬಿಟ್ಟು ಬರಲಾರೆನೆಂದಳು. ತಾಯಿಯೊಡನೆ ಮಕ್ಕಳನ್ನೂ ಸ್ವೀಕರಿಸುವೆನೆಂದು ಅವನು ಒಪ್ಪಿದನು. ಇವರಲ್ಲಿ ಯಾರೂ ಪೀಠವನ್ನೇರಿದವರಲ್ಲ. ಆದರೂ ಸಭೆಯನ್ನು ನಡೆಸಿದವರು ಇವರೇ.

ಇನ್ನೊಂದು ಅಪಾಯವನ್ನೂ ಇಲ್ಲಿ ಗಮನಿಸಬೇಕು. ಸತ್ಪುರುಷನನ್ನು ಪೂಜಿಸುವುದು ಸುಲಭ, ಅನುಸರಿಸುವುದು ಕಷ್ಟ. ಆದಕಾರಣ ಭಕ್ತರು ಹಲವು ವೇಳೆ ಸುಲಭವಾದುದನ್ನೇ ಆರಿಸಿಕೊಳ್ಳುವರು. ಗುರುವು ದುಡಿಯುವನೆಂಬ ಧೈರ್ಯದಿಂದ ತಾವು ಕೈಕಟ್ಟಿ ಕೂಡುವರು. ಅಪ್ಪನೆಂದು ಕರೆಯುವ ಬಾಯಿಗೆ ತಾನು ಮಗುವಾಗಿಯೇ ಉಳಿಯುವ ಆಸೆಯೂ ಇರಬಹುದು. ಕಲ್ಲುಕಣಿವೆಯವರು ಹಾಗೆ ಮಗುವಾಗಿ ಉಳಿದಿದ್ದರೆ 1826ರಲ್ಲಿಯೇ ಎಲ್ಲವೂ ಮುಗಿಯಬೇಕಾಗಿತ್ತು, ಮುಗಿಯಲಿಲ್ಲ. ಲೂಯಿಸ್ ಶೆಪ್ಲರಳು 1837ರಲ್ಲಿ ತೀರಿಕೊಂಡಳು. ಅಲ್ಲಿಯ ವರೆಗೂ ಬಡವರ ಸೇವೆಯನ್ನು ಬಿಡಲಿಲ್ಲ. ಲಗ್ರಾಂ ಅವರ ಮಗ ದಾನಿಯೇಲ್ ಲಗ್ರಾಂ ಅವರು ಫೂದೇ ಗ್ರಾಮದಲ್ಲಿಯೇ ನೆಲಸಿ, ಕಾರ್ಖಾನೆಗಳಲ್ಲಿ ಮಕ್ಕಳ ದುಡಿಮೆಯನ್ನು ಕಡಿಮೆಮಾಡಲು ಎಲ್ಲ ದೇಶಗಳೂ ಕೂಡಿ ಕಾಯಿದೆ ಮ���ಡಬೇಕೆಂದು ಯೂರೋಪಿನ ಸರಕಾರಗಳಿಗೆ ಪತ್ರಗಳನ್ನು ಬರೆಯುತ್ತ 1859ರಲ್ಲಿ ಅಲ್ಲಿಯೇ ಮಡಿದರು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಸ್ಥಾಪಿತವಾದಾಗ ಆ ವಿಚಾರಕ್ಕೆ ಮೊದಲ ಬೀಜವನ್ನು ಬಿತ್ತಿದವರಲ್ಲಿ ಇವರನ್ನೂ ಎಣಿಸಿದರು. ಅಮೇರಿಕದ ಓಹಾಯೋ ಪ್ರಾಂತದಲ್ಲಿ 1833ರಲ್ಲಿ ಸ್ಥಾಪಿತವಾದ ಒಂದು ಕಾಲೇಜಿಗೆ ಒಬರ್ಲಿನ್ನರ ಹೆಸರನ್ನಿಟ್ಟರು. ಮೈಬಣ್ಣದ ಭೇದವಿಲ್ಲದೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು 1835ರಲ್ಲಿಯೇ ನಿಶ್ಚಯಿಸಿದ ವಿದ್ಯಾಶಾಲೆಯದು. ವಾಲ್ಡರ್ಸ್‌ಬಾಖಿನಲ್ಲಿ ಒಬರ್ಲಿನ್ನರ ಸ್ಮಾರಕವಾದ ವಸ್ತುಸಂಗ್ರಹಾಲಯವು ಇಂದಿಗೂ ಇದೆ.

ಆದುದರಿಂದ ಮೊದಲಿನ ಪ್ರಶ್ನೆಗೆ ಉತ್ತರವು ಹೀಗಾಗುವುದು. ಪೀಠವು ಮನುಷ್ಯನನ್ನು ಎತ್ತರದಲ್ಲಿ ಕೂಡಿಸಬಲ್ಲುದು. ಜನರ ಹೃದಯದಲ್ಲಿ ಕೂಡಿಸಲಾರದು. ಆ ಸ್ಥಾನಕ್ಕೆ ದಾರಿಯು ಒಂದೇ, ಅದು ಕೆಳಕ್ಕೆ ಇಳಿಯುವ ದಾರಿ. ಎಲ್ಲರೂ ಬೇಡವೆನ್ನುವ ಕೆಲಸವನ್ನು ಮೊದಲು ತಾನು ಕೈಗೆತ್ತಿಕೊಳ್ಳುವವನು, ಕೆಲಸವು ಸಾಗಿದ ಮೇಲೆ ಅದರ ಯಶಸ್ಸನ್ನು ಇತರರ ಕೈಗೆ ಕೊಟ್ಟು ಹಿಂದೆ ಸರಿಯುವವನು, ಅವನೇ ಸಭೆಗೆ ನಾಯಕನು. ಧರ್ಮಸಂಸ್ಥೆಗಳ ಮಹೋತ್ಸವಗಳಲ್ಲಿ ತೇರನ್ನು ಎಳೆಯುವ ಕೈಗಳು ಸಾವಿರಾರು. ಉತ್ಸವವು ಮುಗಿದ ಮರುದಿನ ಅಂಗಳವನ್ನು ಗುಡಿಸುವ ಕೈಗಳು ಎಷ್ಟಿರುವುವೋ, ಆ ಸಂಸ್ಥೆಯ ಆಯುಸ್ಸು ಅಷ್ಟೆಂದು ತಿಳಿಯಬೇಕು. ಈ ಸನ್ನಿಧಿಯಲ್ಲಿ ಕೂಡಿದ ಭಕ್ತರ ಕೈಗಳಿಗೆ ಅಂತಹ ಬಲವೂ, ಮನಸ್ಸುಗಳಿಗೆ ಅಂತಹ ವಿನಯವೂ ಪರಮಾತ್ಮನ ಕೃಪೆಯಿಂದ ಲಭಿಸಲಿ.